ಅತ್ತೆ, ಕಂಪ್ಯೂಟ್ರು ಮತ್ತು ಹಸೆಯ ಪದ

ಇವತ್ತು ಬೆಳಿಗ್ಗೆ ನಡುಮನೆಯ ಹಲಗೆ ಒರೆಸುತ್ತಿದ್ದೆ. ಆ ಹಲಗೆಯ ಮೇಲೆ, ದೇವರ ಫೋಟೋಗೂ ಟೀವಿಗೂ ನಡುವೆ, ನಮ್ಮ ಮನೆಯ ಮಾತಾಡುವ ಡಬ್ಬಿ ಕೂತಿರುತ್ತದೆ. ಮೊಸರು ಕುಡಿಕೆಯಷ್ಟು ಗಾತ್ರದ್ದು, ಹೆಸರು ಹಿಡಿದು ಕರೆದರೆ ಓಗೊಡುತ್ತದಲ್ಲ, ಲೈಟು ಹಾಕು ಅಂದರೆ ಹಾಕುತ್ತದಲ್ಲ, ಆ ಸ್ಪೀಕರು. ಅದರ ಮೈಗೆ ಬೂದು ಬಣ್ಣದ ಬಟ್ಟೆ ಸುತ್ತಿದ್ದಾರೆ. ಆ ಬಟ್ಟೆಯ ಮೇಲೆ ಬೆರಳಗಲದ ಒಂದು ಹಳದಿ ಕಲೆ. ಅರಿಶಿನದ್ದು. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಪಾತ್ರೆ ಸೋಪು ಹಚ್ಚಿ ಉಜ್ಜಿದೆ, ಹೋಗಲಿಲ್ಲ. ಬಟ್ಟೆಗೆ ಹಿಡಿದ ಅರಿಶಿನ ಯಾವ ಕಾಲಕ್ಕೆ ಬಿಟ್ಟುಹೋಗಿದೆ ಹೇಳಿ. ಉಜ್ಜುವ ರಭಸಕ್ಕೆ ಯಾವುದೋ ಗುಂಡಿ ಒತ್ತಿಕೊಂಡು ಡಬ್ಬಿಯ ನೆತ್ತಿಯ ಮೇಲೆ ನೀಲಿ ಬೆಳಕು ಬಂತು. ಬಂದು, ಸುಮ್ಮನೆ ಕಾಯುತ್ತಾ ನಿಂತಿತು. ಏನು ಬೇಕೋ ಕೇಳು, ಕೇಳದೆ ನಾನು ಏನೂ ಕೊಡುವುದಿಲ್ಲ ಅನ್ನುವ ಹಾಗೆ.

ನನಗೆ ಕೇಳುವುದು ಏನೂ ಇರಲಿಲ್ಲ. ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡು ಅಲ್ಲೇ ಕುರ್ಚಿಯ ಮೇಲೆ ಕೂತೆ. ಕೂತದ್ದಕ್ಕೆ ಈ ಕತೆ. ನೀವೂ ಎಲ್ಲಾದರೂ ಕೂತಿದ್ದರೆ ಕೇಳಿ, ನಿಂತಿದ್ದರೆ ಕೂತುಕೊಳ್ಳಿ, ನನ್ನ ಕತೆಗಳು ಸಣ್ಣವಲ್ಲ ಅಂತ ನಿಮಗೆ ಗೊತ್ತೇ ಇದೆ.

ಈ ಡಬ್ಬಿ ನಾವು ಅಂಗಡಿಗೆ ಹೋಗಿ ತಂದದ್ದಲ್ಲ. ನಮ್ಮೆಜಮಾನರು ಮರಗೆಲಸದವರು. ಪಾಂಡವಪುರದಲ್ಲಿ ಮನೆ, ಮನೆಗೆ ಆನಿಕೊಂಡೇ ಶೆಡ್ಡು. ಬೆಳಗಿನಿಂದ ಸಂಜೆಯವರೆಗೆ ಮರ ಕೊಯ್ಯುವ ಮಿಷನ್ನಿನ ಸದ್ದು, ಅದು ನಿಂತರೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು. ಮೈಸೂರಿನ ಒಬ್ಬರ ಮನೆಗೆ ಇವರು ಅಡುಗೆಮನೆಯ ಕಪಾಟು ಮಾಡಿಕೊಟ್ಟರು. ಆ ಮನೆಯವರು ಹೊಸ ಸ್ಪೀಕರು ತಂದಿದ್ದರಂತೆ, ಹಳೆಯದನ್ನು ಇವರ ಕೈಗೆ ಹಾಕಿ "ತಗೊಂಡು ಹೋಗಿ, ಮಕ್ಕಳಿಗೆ ಆಗುತ್ತೆ" ಅಂದರಂತೆ. ಇವರು ಉಳಿ, ಕೀಸುಳಿ ಇಡುವ ಚೀಲದಲ್ಲೇ ಹಾಕಿಕೊಂಡು ಬಂದರು. ಮೊದಲ ವಾರ ಡಬ್ಬಿಗೆ ಮರದ ಪುಡಿಯ ವಾಸನೆ.

ನಮ್ಮ ಮಗಳು ಚೈತ್ರ ಅದಕ್ಕೆ ವೈಫೈ ಕೊಟ್ಟು ಜೀವ ಬರಿಸಿದಳು. ಅದನ್ನು ಎಬ್ಬಿಸಬೇಕಾದರೆ ಹೆಸರು ಕರೆಯಬೇಕು. ಕಂಪನಿಯವರು ಇಟ್ಟದ್ದು ಒಂದು ಹೆಂಗಸಿನ ಹೆಸರು. ನಮ್ಮೆಜಮಾನರು ಒಪ್ಪಲಿಲ್ಲ. "ಮನೇಲಿ ಮೂರ್ ಜನ ಎಂಗುಸ್ರು ಸಾಲ್ದು ಅಂತ ನಾಲ್ಕ್‌ನೇದಾ? ಇರೋರೇ ನನ್ ಮಾತ್ ಕೇಳಲ್ಲ, ಇನ್ನ ಇವ್ಳ್ ಕೇಳ್ತಾಳಾ" ಅಂದರು. ಮಗಳು ಎಲ್ಲೋ ಒತ್ತಿ, ಏನೋ ತಿರುಗಿಸಿ, ಹೆಸರನ್ನು ಕಂಪ್ಯೂಟರ್ ಅಂತ ಬದಲಾಯಿಸಿದಳು. ನಮ್ಮ ಬಾಯಲ್ಲಿ ಅದು ಕಂಪ್ಯೂಟ್ರು ಆಯಿತು. ಅದೂ ಹೊಂದಿಕೊಂಡಿತು. ಇನ್ನೆರಡು ಪ್ಲಗ್ಗು ತರಿಸಿ ಅತ್ತೆಯ ರೂಮಿನ ಟೇಬಲ್ ಫ್ಯಾನಿಗೂ ನಡುಮನೆಯ ದೀಪಕ್ಕೂ ಚೈತ್ರ ನಂಟು ಹಾಕಿದಳು. ಕಂಪ್ಯೂಟ್ರು, ಫ್ಯಾನ್ ಆನ್ ಅಂದರೆ ಫ್ಯಾನು ತಿರುಗಬೇಕು.

ಅನ್ನುವುದು ಅಷ್ಟು ಸುಲಭವಲ್ಲ ನೋಡಿ ನಮ್ಮ ಕಡೆಯವರಿಗೆ. ನಮ್ಮಲ್ಲಿ ಯಾರೂ ಬಂದ ಕೆಲಸವನ್ನು ಮೊದಲ ಮಾತಿಗೇ ಹೇಳುವುದಿಲ್ಲ. ಏಣಿ ಕೇಳಲು ಬಂದವನು ಮೊದಲು ಊಟ ಆಯ್ತಾ ಅನ್ನಬೇಕು, ನಾಲೆಗೆ ನೀರು ಬಿಟ್ಟರಾ ಅನ್ನಬೇಕು, ಹೊರಟು ಬಾಗಿಲಿಗೆ ಹೋಗಿ, ಅಲ್ಲಿಂದ ತಿರುಗಿ, ಅಂದಂಗೆ ನಿಮ್ಮನೆ ಏಣಿ ಅಂತ ಶುರು ಮಾಡಬೇಕು. ಡಬ್ಬಿಗೆ ಇಷ್ಟು ತಾಳ್ಮೆ ಇಲ್ಲ. ನಮ್ಮೆಜಮಾನರು "ಕಂಪ್ಯೂಟ್ರು, ಏನ್ಲಾ, ಸೆಂದಾಗಿದ್ದೀಯಾ, ವಸಿ ಆ ಲೈಟು..." ಅನ್ನುವಷ್ಟರಲ್ಲಿ ಅದರ ನೀಲಿ ಬೆಳಕು ಆರಿಹೋಗಿರುತ್ತಿತ್ತು. "ದುರಹಂಕಾರ ಕಣಮ್ಮಿ ಇದ್ಕೆ" ಅನ್ನುತ್ತಿದ್ದರು.

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ. ಬರಲೇಬೇಕು, ಈ ಮನೆಯಲ್ಲಿ ಯಾವ ದಾರಿ ಹಿಡಿದರೂ ಅದು ಅತ್ತೆಯ ಮುಂದೆ ಹೋಗಿ ನಿಲ್ಲುತ್ತದೆ.

ನಮ್ಮತ್ತೆ ಕಾಳಮ್ಮನವರು ಕೆ.ಆರ್. ಪೇಟೆ ಕಡೆಯ ಹೊಸಹೊಳಲಿನವರು. ಕಲ್ಲಿನಲ್ಲಿ ಅಂಥ ಕೆಲಸ ಮಾಡಿದ ಊರಿನವರು ತಾವು ಅನ್ನುವ ಹೆಮ್ಮೆ ಅವರಿಗೆ. ಅಲ್ಲಿನ ಹಳೆಯ ಕಲ್ಲಿನ ದೇವಸ್ಥಾನವನ್ನು ಇವರ ತಾತನೇ ನಿಂತು ಕೆತ್ತಿಸಿದ ಹಾಗೆ ಮಾತಾಡುವರು. ಮಾತು ಅಂದರೆ ಮಾತು. ಅವರ ಗಂಟಲಿನ ಮುಂದೆ ಮರ ಕೊಯ್ಯುವ ಮಿಷನ್ನೂ ಕೀಳು. ಹಿತ್ತಲಲ್ಲಿ ನಿಂತು ನನ್ನನ್ನು "ಅಮ್ಮೀ" ಅಂತ ಕೂಗಿದರೆ ಬೀದಿಯ ಅರ್ಧ ಹೆಂಗಸರು ಬಾಗಿಲಿಗೆ ಬರುವರು. ನನ್ನ ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನುವುದನ್ನು ನನಗಿಂತ ಮೊದಲು ಪಕ್ಕದ ಮನೆಯವರು ತಿಳಿದುಕೊಂಡಿರುತ್ತಿದ್ದರು.

ಆ ಗಂಟಲಿಗೆ ಇನ್ನೊಂದು ಕೆಲಸವೂ ಇತ್ತು. ಅತ್ತೆ ಸೋಬಾನೆ ಹಾಡುವರು. ಮದುವೆ, ಒಸಗೆ, ಸೀಮಂತ ಯಾವುದೇ ಇರಲಿ, ಪದ ಎತ್ತುವುದು ಅತ್ತೆ, ಸೊಲ್ಲು ಹಿಡಿಯುವುದು ಮಿಕ್ಕವರು. ಅತ್ತೆ ಒಂದು ಸಾಲು ಹಾಡಿದರೆ ಹಿಂದೆ ಕೂತ ಹೆಂಗಸರು ಅದೇ ಸಾಲನ್ನು ಹಿಡಿದು ಹಿಂದಿರುಗಿಸುವರು. ಅವರ ಜೊತೆ ಸೊಲ್ಲು ಹಿಡಿಯಲು ಚಿಕ್ಕಂದಿನಿಂದ ಇದ್ದವರು ಅದೇ ಹೊಸಹೊಳಲಿನ ಸಾಕಮ್ಮ, ಅತ್ತೆಯ ಗೆಳತಿ. ನಮ್ಮವರ ಮದುವೆಯಲ್ಲಿ ಒಂದು ಪದ್ಧತಿ: ಹಸೆ ಬರೆದು ಮಣೆ ಹಾಕಿದ ಮೇಲೆ ಹೆಣ್ಣನ್ನು ಪದ ಹಾಡಿ ಕರೆಯಬೇಕು. ಹಸೆಗೆ ಕರೆಯೋ ಪದ. ಆ ಪದ ಕಿವಿಗೆ ಬೀಳುವವರೆಗೆ ಹೆಣ್ಣು ರೂಮಿನ ಹೊಸಿಲು ದಾಟುವುದಿಲ್ಲ. ಪುರೋಹಿತರು ಎಷ್ಟೇ ಅವಸರ ಮಾಡಲಿ, ಅವಳಿಗೆ ಅಪ್ಪಣೆ ಕೊಡುವವಳು ಹಾಡುವ ಹೆಂಗಸು. ಚೈತ್ರ ಹುಟ್ಟಿದಾಗ ಬಾಣಂತಿ ಕೋಣೆಯಲ್ಲೇ, ಇನ್ನೂ ನೆತ್ತಿ ಕೂಡದ ಕೂಸನ್ನು ಎತ್ತಿಕೊಂಡು ಅತ್ತೆ ಅಂದಿದ್ದರು: "ಇವುಳ್ನ ಅಸೆಗೆ ಕರ್ಯೋಳು ನಾನೇ. ಅಲ್ಲಿಗಂಟ ನನ್ನ ಯಾವ್ ಯಮ್ನೂ ಮುಟ್ಟಂಗಿಲ್ಲ." ಯಮನಿಗೂ ಕೇಳಿಸಿರಬೇಕು, ಆ ಗಂಟಲಲ್ಲವೇ.

ಡಬ್ಬಿಗೂ ಅತ್ತೆಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. "ಕೈಕಾಲ್ ನೆಟ್ಟಗಿರೋ ಮನುಸ್ರು ಎದ್ದೋಗಿ ಸುಚ್ ಅದುಮಕ್ಕಾಗಲ್ವಾ?" ಅನ್ನುವರು. "ನಮ್ ಕಾಲ್ದಲ್ಲಿ ಒಬ್ರೇ ಕುಂತು ಡಬ್ಬಿ ಕೂಡೆ ಮಾತಾಡೋರ್ನ ಮಂತ್ರ ಹಾಕ್ಸಕ್ಕೆ ಕರ್ಕೊಂಡೋಗೋರು. ಈಗ ನೋಡು, ಮನ್ಮಂದಿಯೆಲ್ಲ ಅಂಗೇ ಆಗವ್ರೆ." ಆದರೂ ಆಯುಧಪೂಜೆಯ ದಿನ ಶೆಡ್ಡಿನ ಉಳಿ, ಗರಗಸ, ಮಿಷನ್ನು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಮುಗಿಸಿ, ತಟ್ಟೆ ಹಿಡಿದು ನಡುಮನೆಗೆ ಬಂದು, ಡಬ್ಬಿಯ ಮುಂದೆ ಒಂದು ಗಳಿಗೆ ನಿಂತರು. "ಇದೂ ಏನೋ ಗೇಯ್ತದಂತಲ್ಲ" ಅಂದು, ಬೆರಳಿನಷ್ಟು ಅರಿಶಿನವನ್ನು ಅದರ ಬೆನ್ನಿಗೆ ಬಳಿದರು. ಚೈತ್ರ "ಅಜ್ಜಿ, ಅದು ಬಟ್ಟೆ ಕಣಜ್ಜಿ, ಕಲೆ ಹೋಗಲ್ಲ" ಅಂದಳು. "ಓಗ್ದೆ ಇರ್ಲಿ ಅಂತ್ಲೇ ಅಚ್ಚೋದು" ಅಂದರು ಅತ್ತೆ. ಈ ಕಲೆ ಅದೇ.

ದೀಪಾವಳಿ ಕಳೆದು ಚೈತ್ರಳಿಗೆ ನಾಗಮಂಗಲದ ಹುಡುಗ ಗೊತ್ತಾದ. ವೈಶಾಖದಲ್ಲಿ ಮದುವೆ. ಅತ್ತೆ ಆಗಿನಿಂದಲೇ ಗಂಟಲಿಗೆ ಬಿಸಿನೀರು, ಕಾಳುಮೆಣಸು. ಸಂಕ್ರಾಂತಿಯ ಎಳ್ಳು ಬೀರಿ ಬಂದು ಜಗಲಿಯ ಮೇಲೆ ಕೂತವರು ಹಾಗೇ ಒಂದು ಕಡೆಗೆ ವಾಲಿದರು. ಲಕ್ವ. ಮೈಸೂರಿನ ಆಸ್ಪತ್ರೆ, ಓಡಾಟ, ಅದನ್ನೆಲ್ಲ ಹೇಳುವುದಿಲ್ಲ. ಎಲ್ಲರ ಮನೆಯಲ್ಲೂ ಒಂದೊಂದು ಆಸ್ಪತ್ರೆ ಕತೆ ಇರುತ್ತದೆ, ಎಲ್ಲವೂ ಒಂದೇ ಥರ ಇರುತ್ತವೆ. ಕಾಲು ಬಂತು. ಕೈಯೂ ಮುಕ್ಕಾಲು ಬಂತು. ಮಾತು ಬರಲಿಲ್ಲ. ಉಳಿದದ್ದು ಒಂದೇ ಪದ: ಅದು.

ನೀರು ಬೇಕಾದರೂ ಅದು. ಬೆನ್ನು ತುರಿಸಿದರೂ ಅದು. ಮಗನನ್ನು ಕರೆಯಬೇಕಾದರೂ ಅದು. ತಲೆಯೊಳಗೆ ಎಲ್ಲ ಸರಿಯಾಗಿತ್ತು, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಬಾಯಿಗೆ ಬರುವ ದಾರಿಯಲ್ಲಿ ಪದಗಳೆಲ್ಲ ಎಲ್ಲೋ ಸಿಕ್ಕಿಕೊಂಡು ಒಂದು ಅದು ಮಾತ್ರ ತೂರಿಕೊಂಡು ಈಚೆ ಬೀಳುತ್ತಿತ್ತು.

ನಾವು ಬೇಗ ಕಲಿತೆವು. ಉದ್ದ ಅದು ಅಂದರೆ ನೀರು. ಮೊಟಕು ಅದು ಅಂದರೆ ಎಲೆ ಅಡಿಕೆ. ಎರಡು ಸಲ ಅಂದರೆ ಟೀವಿ ಬದಲಿಸು. ಇದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅತ್ತೆ ತುಟಿ ಅಲುಗಿಸುವ ಮೊದಲೇ ಲೋಟ ಕೈಯಲ್ಲಿರುತ್ತಿತ್ತು. ನೋಡಲು ಬಂದವರೆಲ್ಲ "ಸೊಸೆ ಅಂದ್ರೆ ಇಂಗಿರ್ಬೇಕು" ಅನ್ನುವರು, ನಾನು ಸೆರಗು ಸರಿಮಾಡಿಕೊಳ್ಳುವೆ. ನಮ್ಮ ಕಡೆ ಇದೇ ದೊಡ್ಡ ಗುಣ. ಹಿರಿಯರು ಬಾಯಿಬಿಟ್ಟು ಕೇಳುವ ಹಾಗೆ ಮಾಡಬಾರದು. ಕೇಳಿದ ಮೇಲೆ ಕೊಟ್ಟರೆ ಅದು ಕೊಟ್ಟ ಹಾಗಲ್ಲ. ಬಂದ ನೆಂಟರ ತಟ್ಟೆಯಲ್ಲಿ ಮುದ್ದೆ ಮುಗಿಯುವ ಮೊದಲೇ ಇನ್ನೊಂದು ಬೀಳಬೇಕು, ಸಾಕು ಸಾಕು ಅಂದರೂ ಬೀಳಬೇಕು. ಈ ಅತ್ತೆಯೇ ನನಗೆ ಕಲಿಸಿದ ಮೊದಲ ಪಾಠ ಅದು. "ಬಾಯ್ಬುಟ್ಟು ಕೇಳೋಗಂಟ ಇರ್ಬಾರ್ದು ಕಣಮ್ಮಿ. ಮುಕ ನೋಡಿ ತಿಳ್ಕಬೇಕು."

ಮೈಸೂರಿನಲ್ಲಿ ಮಾತು ಕಲಿಸುವ ಮೇಡಮ್ಮೊಬ್ಬರು ಇದ್ದರು. ಅವರು ನನಗೆ ಇದಕ್ಕೆ ಪೂರ್ತಿ ಉಲ್ಟಾ ಹೇಳಿದರು. "ನೀವು ಎಲ್ಲ ಕೇಳೋಕೆ ಮೊದಲೇ ಕೊಟ್ಟುಬಿಟ್ರೆ ಅವರು ಯಾಕೆ ಮಾತಾಡ್ತಾರೆ? ಕಾಯಿರಿ. ಅವರು ಕಷ್ಟಪಟ್ಟು ಹೇಳಲಿ." ನಾನು ತಲೆ ಆಡಿಸಿದೆ. ಬಸ್ಸಿನಲ್ಲಿ ಬರುತ್ತಾ ನಮ್ಮೆಜಮಾನರಿಗೆ ಅಂದೆ: "ಪಾಪ, ಚಿಕ್ಕ ಹುಡ್ಗಿ. ಮನೇಲಿ ದೊಡ್ಡೋರು ಇಲ್ವೇನೋ." ಅವರೂ ಹೂಂ ಅಂದರು. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಅತ್ತೆ ಒಂದು ಅದು ಅಂದರು, ನಾನು ಚೀಲದಿಂದ ಕಿತ್ತಳೆ ತೆಗೆದು ಬಿಡಿಸಿ ಕೊಟ್ಟೆ.

ಯುಗಾದಿಗೆ ಮುಂಚಿನ ಒಂದು ಮಧ್ಯಾಹ್ನ. ಬಿಸಿಲು ಹೇಗಿತ್ತೆಂದರೆ ಹಿತ್ತಲಲ್ಲಿ ಒಣಹಾಕಿದ ಸೀರೆ ಹಪ್ಪಳದ ಹಾಗಾಗಿತ್ತು. ನಾನೂ ಚೈತ್ರಳೂ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದೆವು. ಕರೆಂಟು ಹೋಗಿ ಬಂದಿತ್ತು, ಬಂದಮೇಲೆ ಅತ್ತೆಯ ಫ್ಯಾನು ತಾನಾಗಿ ತಿರುಗಿರಲಿಲ್ಲ. ಒಳಗಿನಿಂದ ಅದು ಅನ್ನುವ ಸದ್ದು ಬಂತು. ಉದ್ದ ಅದು ಅಲ್ಲ, ಮೊಟಕೂ ಅಲ್ಲ. ಹೊಸ ಥರದ್ದು. ಇಣುಕಿದರೆ, ಅತ್ತೆ ನಡುಮನೆಗೆ ಬಂದು ಹಲಗೆಯ ಮುಂದೆ ನಿಂತು ಡಬ್ಬಿಗೆ ಹೇಳುತ್ತಿದ್ದಾರೆ. ದಿನಾ ನಾವು ಅದಕ್ಕೆ ಹೇಳಿ ಫ್ಯಾನು ಹಾಕಿಸುವುದನ್ನು ನೋಡಿದ್ದವರಲ್ಲವೇ, ಇದೂ ಮನೆಯ ಒಂದು ಆಳು, ನನ್ನ ಮುಖ ನೋಡಿ ತಿಳಿದುಕೊಳ್ಳಲಿ ಅಂತ.

"ಅದು" ಅಂದರು. ಡಬ್ಬಿ ಸುಮ್ಮನಿತ್ತು. "ಅದೂ" ಅಂದರು. ಸುಮ್ಮನಿತ್ತು.

ನಾನು ಎದ್ದೆ. ಫ್ಯಾನು ಹಾಕಲು. ಚೈತ್ರ ನನ್ನ ಮೊಣಕೈ ಹಿಡಿದಳು. ಅವಳ ಕೈಯೆಲ್ಲ ಹುಣಸೆ ಅಂಟು. "ಅಮ್ಮ, ತಡಿ."

"ಏನ್ ತಡಿ? ಬೆವುತ್ಕೊಂಡು ನಿಂತವ್ರೆ."

"ನಿಂತಿರ್ಲಿ. ಮೇಡಂ ಏನ್ ಹೇಳಿದ್ರು? ನೀನ್ ಯಾವತ್ತಾದ್ರೂ ಕಾದಿದ್ದೀಯಾ?"

ಬಾಗಿಲ ಮರೆಯಲ್ಲಿ ಇಬ್ಬರೂ ಕಳ್ಳರ ಹಾಗೆ ನಿಂತೆವು. ನಿಮಗೆ ಹೇಳುತ್ತೇನೆ, ಅಷ್ಟು ಕಷ್ಟದ ಕೆಲಸವನ್ನು ನಾನು ಮಾಡಿರಲಿಲ್ಲ. ಅತ್ತೆಯ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಕೈ ಎತ್ತಿ ಫ್ಯಾನಿನ ಕಡೆ ತೋರಿಸಿದರು. ಡಬ್ಬಿಗೆ ಕಣ್ಣಿಲ್ಲ. ಮುಖ ನೋಡಿ ತಿಳಿದುಕೊಳ್ಳಲು ಅದಕ್ಕೆ ಯಾವ ಅತ್ತೆಯೂ ಕಲಿಸಿರಲಿಲ್ಲ. ಅತ್ತೆಯ ಮುಖ ಕೆಂಪಾಯಿತು, ತುಟಿ ಅದುರಿತು, ಎದೆ ಏರಿ ಇಳಿಯಿತು. ಆಮೇಲೆ, ಸಂಕ್ರಾಂತಿಯಿಂದ ಅದು ಬಿಟ್ಟು ಇನ್ನೊಂದು ಪದ ಆಡದ ಬಾಯಿಂದ, ಬೀದಿಯ ಅರ್ಧ ಹೆಂಗಸರು ಬಾಗಿಲಿಗೆ ಬರುವಂಥ ಆ ಹಳೆಯ ಗಂಟಲಲ್ಲಿ, ಒಂದು ಮಾತು ಬಂತು.

"ಮುಂಡೇದೇ."

ಚೈತ್ರ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅತ್ತೆಗೂ ಆಶ್ಚರ್ಯವಾಗಿರಬೇಕು, ಯಾರು ಅಂದದ್ದು ಅನ್ನುವ ಹಾಗೆ ಆಚೀಚೆ ನೋಡಿದರು. ಆಮೇಲೆ ರುಚಿ ಸಿಕ್ಕವರ ಹಾಗೆ ಇನ್ನೊಂದು ಸಲ ಅಂದರು, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಚಪ್ಪರಿಸಿಕೊಂಡು. ನಾನು ಶೆಡ್ಡಿಗೆ ಓಡಿದೆ. "ರೀ, ಅತ್ತೆ ಬೈದ್ರು ಕಣ್ರೀ."

ನಮ್ಮೆಜಮಾನರು ಮಿಷನ್ನು ನಿಲ್ಲಿಸಿದರು. ರೆಪ್ಪೆಯ ಮೇಲೆಲ್ಲ ಮರದ ಪುಡಿ. "ಅವ್ವ ಬೈದ್ಲಾ? ಯಾರ್ನ?"

"ಕಂಪ್ಯೂಟ್ರುನ."

"ಏನಂತ?"

ಹೇಳಿದೆ. ಅವರು ಹಾಗೇ ಮರದ ದಿಮ್ಮಿಯ ಮೇಲೆ ಕೂತು ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ ಎದ್ದು ಅಂಗಡಿಗೆ ಹೋಗಿ ಮೈಸೂರು ಪಾಕು ತಂದು ಅಕ್ಕಪಕ್ಕದವರಿಗೆಲ್ಲ ಹಂಚಿದರು. ಏನು ವಿಶೇಷ ಅಂತ ಕೇಳಿದವರಿಗೆ "ನಮ್ಮವ್ವ ಬೈದ್ಲು" ಅಂದರು. ಅತ್ತೆ ಬೈದದ್ದಕ್ಕೆ ಸಿಹಿ ಹಂಚಿದ ಮನೆ ನಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಇರಲಾರದು.

ಅಲ್ಲಿಂದ ಶುರುವಾಯಿತು ಅತ್ತೆಗೂ ಡಬ್ಬಿಗೂ ಹಟ. ಬೆಳಗ್ಗೆ ಮುಖ ತೊಳೆದು ಹಣೆಗಿಟ್ಟುಕೊಂಡು ಸೀದಾ ಅದರ ಮುಂದೆ ಕೂರುವರು. ಮೊದಲು ಕಂ. ಎಷ್ಟೋ ದಿನ ಬರೀ ಕಂ. ಆಮೇಲೆ ಕಂಪೂ. ಮಾವನವರು ಬದುಕಿದ್ದಷ್ಟು ದಿನ ಅತ್ತೆ ಅವರ ಹೆಸರು ಹೇಳಿದವರಲ್ಲ, ಈಗಲೂ ಹೇಳುವುದಿಲ್ಲ. ಯಾರನ್ನಾದರೂ ಇಷ್ಟು ಸಲ ಹೆಸರು ಹಿಡಿದು ಕರೆದಿದ್ದರೆ ಅದು ಈ ಡಬ್ಬಿಯನ್ನೇ. ಯುಗಾದಿ ಕಳೆದ ವಾರ ಪೂರ್ತಿ ಕಂಪ್ಯೂಟ್ರು ಬಂತು, ನೀಲಿ ಬೆಳಕು ಹತ್ತಿತು. ಆ ಬೆಳಕು ನೋಡಿ ಅತ್ತೆ ಎಷ್ಟು ಹಿಗ್ಗಿದರೆಂದರೆ ಮುಂದೇನು ಕೇಳಬೇಕೆಂಬುದೇ ಮರೆತುಹೋಗಿ, ಬೆಳಕು ಆರಿಹೋಯಿತು. ಪರವಾಗಿಲ್ಲ, ಮತ್ತೆ ಕರೆದರು. ಇನ್ನಷ್ಟು ದಿನಕ್ಕೆ "ಕಂಪ್ಯೂಟ್ರು, ಫ್ಯಾನು ಆನು." ಫ್ಯಾನು ತಿರುಗಿತು. "ಕಂಪ್ಯೂಟ್ರು, ಫ್ಯಾನು ಆಪು." ನಿಂತಿತು. ಅವತ್ತು ಆ ಫ್ಯಾನಿನ ಕತೆ ಕೇಳಬೇಡಿ.

ತಮಾಷೆಯೆಂದರೆ, ಡಬ್ಬಿಯ ಹತ್ತಿರ ಇಷ್ಟೆಲ್ಲ ಆಡುವವರು ನಮ್ಮ ಕಡೆ ತಿರುಗಿದರೆ ಮತ್ತೆ ಅದು. ಯಾಕೆಂದರೆ ನಮಗೆ ಅರ್ಥವಾಗುತ್ತಿತ್ತು. ಆಗ ನನಗೆ ಮೈಸೂರಿನ ಆ ಚಿಕ್ಕ ಹುಡುಗಿಯ ಮಾತು ತಲೆಗೆ ಹೋಯಿತು. ನಾನೂ ಡಬ್ಬಿಯಾಗಬೇಕಿತ್ತು.

ಆದೆ. ಅತ್ತೆ ಉದ್ದ ಅದು ಅಂದರು. ಬಾಯಾರಿಕೆ ಅಂತ ನನ್ನ ಮೂಳೆಗೂ ಗೊತ್ತು. ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕೂತು, "ಏನತ್ತೆ? ಗೊತ್ತಾಗ್ನಿಲ್ಲ" ಅಂದೆ. ಅತ್ತೆ ನನ್ನನ್ನು ನೋಡಿದ ನೋಟ ಇದೆಯಲ್ಲ, ಹಸು ತನ್ನ ಕರುವನ್ನು ಮಾರಿದವನನ್ನು ನೋಡುವ ನೋಟ. ಅಷ್ಟರಲ್ಲೇ ಪಕ್ಕದ ಮನೆಯಾಕೆ ಮಜ್ಜಿಗೆ ಕೇಳಲು ಬಂದು ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. "ಏನಕ್ಕ ನೀನು, ಒಂದ್ ಲೋಟ ನೀರ್ಗೂ ಮುದ್ಕೀನ ಆಟ ಆಡುಸ್ತೀಯಲ್ಲ. ಅವ್ರ್ಗೆ ಈಗ ಮಾತ್ ಬರಲ್ಲ ಅಂತಾನಾ?" ಅಂದಳು. ಸಂಜೆಯ ಹೊತ್ತಿಗೆ ಇಡೀ ಬೀದಿಗೆ ಸುದ್ದಿ. ಒಳ್ಳೆಯ ಸೊಸೆ ಅನ್ನುವ ಹೆಸರು ತಿಂಗಳುಗಟ್ಟಲೆ ಕಟ್ಟಿದ್ದು ಒಂದು ಮಧ್ಯಾಹ್ನದಲ್ಲಿ ಹೋಯಿತು. ಆದರೆ ಆ ಮಜ್ಜಿಗೆಯವಳು ಹೊಸಿಲು ದಾಟುವ ಮೊದಲೇ ಅತ್ತೆ ಅಂದಿದ್ದರು: "ನೀ...ರು." ಅಂದು, ಅದರ ಹಿಂದೆಯೇ, ಬಹಳ ಸ್ಪಷ್ಟವಾಗಿ, ಡಬ್ಬಿಗೆ ಅಂದಿದ್ದ ಬೈಗುಳವನ್ನು ನನಗೂ ಅಂದರು. ನಾನು ನೀರು ತರಲು ಹೋಗುತ್ತಾ ನಗುತ್ತಿದ್ದೆ, ಕಣ್ಣಲ್ಲಿ ನೀರಿತ್ತು, ಯಾವ ನೀರು ಯಾವುದಕ್ಕೆ ಅಂತ ಗೊತ್ತಾಗಲಿಲ್ಲ.

ಪದಗಳು ಬಂದವು, ಪದ ಬರಲಿಲ್ಲ. ಹಸೆಯ ಪದ. ಅದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಲಗ್ನಪತ್ರಿಕೆ ಹಂಚುವ ದಿನ ಬಂದಾಗ ನಮ್ಮೆಜಮಾನರು ಮೆತ್ತಗೆ ನನಗಂದರು, "ಸಾಕಮ್ಮತ್ತೆ ಅವ್ಳೆ ಅಲ್ವಾ, ಅವ್ಳೇ ಕರೀಲಿ. ಅವ್ವುನ್ಗೆ ಯಾಕ್ ಇಂಸೆ." ಅತ್ತೆಗೆ ಕಿವಿ ಎಂದೂ ಮಂದವಾಗಿರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದರು. ಅವತ್ತು ಡಬ್ಬಿಯನ್ನೂ ಮಾತಾಡಿಸಲಿಲ್ಲ. ಚೈತ್ರ ಹೋಗಿ ಅವರ ಕಾಲ ಬಳಿ ಕೂತಳು. "ಅಜ್ಜಿ, ನೀನ್ ಕರೆದ್ರೇನೇ ನಾನ್ ರೂಮಿಂದ ಈಚೆ ಬರೋದು. ಇಲ್ಲಾಂದ್ರೆ ಅಲ್ಲೇ ಕೂತಿರ್ತೀನಿ. ನಾಗಮಂಗಲದೋರು ಊಟ ಮಾಡ್ಕೊಂಡ್ ಹೋಗ್ಲಿ." ಅತ್ತೆ ಗೋಡೆ ಕಡೆಯಿಂದ ತಿರುಗಲಿಲ್ಲ, ಕೈ ಮಾತ್ರ ಹಿಂದೆ ಚಾಚಿ ಅವಳ ಜಡೆ ಹಿಡಿದುಕೊಂಡರು.

ಒಂದು ದಿನ ಚೈತ್ರ ಡಬ್ಬಿಗೆ ಸೋಬಾನೆ ಹಾಕು ಅಂದಳು. ಅದು ಎಲ್ಲಿಂದಲೋ ಹುಡುಕಿ ಒಂದು ಹಾಕಿತು. ಅದಕ್ಕೆ ಕೀಬೋರ್ಡು, ಡ್ರಮ್ಮು, ಹಾಡುವವಳಿಗೆ ಬಸ್ಸು ಹಿಡಿಯುವ ಅವಸರ. ಅತ್ತೆ ಒಂದು ಸಾಲು ಕೇಳಿದರು, ಎರಡು ಸಾಲು ಕೇಳಿದರು, ಹಲ್ಲುನೋವು ಬಂದವರ ಹಾಗೆ ಮುಖ ಮಾಡಿದರು. "ಅದು... ಅದಲ್ಲ" ಅಂದರು. ಅಂದು, ಸರಿಯಾದ ರಾಗ ಯಾವುದು ಅಂತ ಆ ಡಬ್ಬಿಗೆ ತೋರಿಸಲು ಗುನುಗಿದರು. ಗುನುಗಿನ ಒಳಗಿಂದ ಒಂದೊಂದೇ ಮಾತು ತಾನಾಗಿ ತಲೆ ಎತ್ತಿತು. ರಾಗ ಹಿಡಿದರೆ ಮಾತು ಬರುತ್ತಿತ್ತು, ರಾಗ ಬಿಟ್ಟರೆ ಹೋಗುತ್ತಿತ್ತು. ಶುರು ಮಾಡುವುದೊಂದೇ ಕಷ್ಟ. ಬ್ಯಾಟರಿ ಸತ್ತ ಟ್ರ್ಯಾಕ್ಟರನ್ನು ನಾಲ್ಕು ಜನ ತಳ್ಳುತ್ತಾರಲ್ಲ, ಒಮ್ಮೆ ಇಂಜಿನ್ನು ಹಿಡಿಯಿತೆಂದರೆ ಆಮೇಲೆ ಗದ್ದೆಯ ಬದುವೂ ಲೆಕ್ಕಕ್ಕಿಲ್ಲ, ಹಾಗೆ. ಆ ಮೊದಲ ಮಾತು ಕೆಲವು ದಿನ ಬರುವುದು, ಕೆಲವು ದಿನ ಬಾರದು. ಮದುವೆ ಹತ್ತಿರವಾದ ಹಾಗೆ ಬಾರದ ದಿನಗಳೇ ಹೆಚ್ಚಾದವು.

ಮದುವೆಯ ದಿನ ಮಂಟಪದಲ್ಲಿ ಅತ್ತೆಗೆ ಹಸೆಯ ಪಕ್ಕದಲ್ಲೇ ಕುರ್ಚಿ ಹಾಕಿದೆವು. ಮೊಳಕಾಲ್ಮೂರು ಸೀರೆ, ತಲೆತುಂಬ ಮಲ್ಲಿಗೆ. ಕೆಳಗೆ ಜಮಖಾನದ ಮೇಲೆ ಸಾಕಮ್ಮ, ಅವರ ಹಿಂದೆ ಸೊಲ್ಲು ಹಿಡಿಯುವ ಹೆಂಗಸರು. ಎದುರಿಗೆ ಮುಚ್ಚಿದ ಬಾಗಿಲು, ಒಳಗೆ ಚೈತ್ರ. ಹಸೆ ಬರೆದಾಯಿತು, ಮಣೆ ಬಿತ್ತು. ವಾಲಗದವರು ಪದಕ್ಕೆ ದಾರಿ ಬಿಟ್ಟು ನಿಲ್ಲಿಸಿದರು. ಎಲ್ಲರೂ ಅತ್ತೆಯನ್ನು ನೋಡಿದರು.

ಅತ್ತೆ ಬಾಯಿ ತೆರೆದರು. "ಅ..." ಅಂದರು. "ಅ... ಅದು."

ಗಂಡಿನ ಕಡೆಯವರಲ್ಲಿ ಯಾರೋ ಕೆಮ್ಮಿದರು. ಅತ್ತೆ ಮತ್ತೆ ಪ್ರಯತ್ನಪಟ್ಟರು. ಕುತ್ತಿಗೆಯ ನರ ಉಬ್ಬಿತು. ಆಗ ಸಾಕಮ್ಮ, ಪ್ರೀತಿಯಿಂದಲೇ, ಗೆಳತಿಯ ಮಾನ ಹೋಗದಿರಲಿ ಅಂತಲೇ, ತಾವು ಪದ ಎತ್ತಿದರು. ಹಿಂದಿನವರು ಹಿಡಿದರು. ಒಳ್ಳೆಯ ಹೆಂಗಸರು, ಬಾಯಿಬಿಟ್ಟು ಕೇಳುವ ಮೊದಲೇ ಕೊಡುವವರು. ಅತ್ತೆಯ ಮುಖ ಆ ಗಳಿಗೆಯಲ್ಲಿ ಹೇಗಾಯಿತೆಂದರೆ, ನಾನು ಅದುವರೆಗೆ ಕೊಟ್ಟಿದ್ದ ಲೋಟಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

"ಸಾಕಮ್ಮತ್ತೆ, ನಿಲ್ಸಿ" ಅಂದೆ. "ಯಾರೂ ಎತ್ಕೊಡ್ಬ್ಯಾಡಿ. ಅತ್ತೆ ಕರೀತಾರೆ."

ಪದ ನಿಂತಿತು. ಪುರೋಹಿತರು "ಮುಹೂರ್ತ ಮೀರ್ತದೆ ಕಣಮ್ಮಾ" ಅಂದರು. ನಾಗಮಂಗಲದ ಕಡೆಯ ಒಬ್ಬ ಹಿರಿಯ ಹೆಂಗಸು, ಬೀಗರಲ್ಲವೇ, ಎಲ್ಲರಿಗೂ ಕೇಳುವ ಹಾಗೆ ಅಂದಳು: "ಇದೇನಮ್ಮ, ಕಾಯ್ಲೆ ಮನುಸ್ರನ್ನ ಇಂಗಾ ಗೋಳುಯ್ಕೊಳ್ಳೋದು? ಮುದ್ಕಿ ಅಂದ್ರೆ ಕರುಳಿಲ್ವಾ ನಿಮ್ಗೆ?" ನಮ್ಮೆಜಮಾನರು ಕಂಬಕ್ಕೊರಗಿ ನಿಂತು, ಆ ಮುಚ್ಚಿದ ಬಾಗಿಲಿನ ಚೌಕಟ್ಟನ್ನೇ ನೋಡುತ್ತಿದ್ದರು, ಯಾವ ಮರ ಅಂತ ಯೋಚಿಸುವವರ ಹಾಗೆ. ಮಂಟಪದ ತುಂಬ ಜನ, ಒಬ್ಬರ ಬಳೆಯ ಸದ್ದೂ ಇಲ್ಲ. ನಾನು ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದುಕೊಂಡೆ. ಕಾದೆ.

ಅತ್ತೆ ಕಣ್ಣು ಮುಚ್ಚಿದರು. ಉಸಿರು ಎಳೆದುಕೊಂಡರು. ಬೆಳಗ್ಗೆ ಮುಖ ತೊಳೆದು ಹಲಗೆಯ ಮುಂದೆ ಕೂರುವ ಹಾಗೆ ಬೆನ್ನು ನೆಟ್ಟಗೆ ಮಾಡಿದರು. ಆಮೇಲೆ, ಮಂಟಪದ ಹಿಂದಿನ ಅಡುಗೆಯವರಿಗೂ ಕೇಳಿಸುವ ಗಂಟಲಲ್ಲಿ ಕರೆದರು:

"ಕಂಪ್ಯೂಟ್ರು."

ಯಾರೋ ಕಿಸಕ್ಕನೆ ನಕ್ಕರು. ಆ ನಗು ಮುಗಿಯುವಷ್ಟರಲ್ಲಿ ಅದರ ಬೆನ್ನಿಗೇ, ಇಂಜಿನ್ನು ಹಿಡಿದುಕೊಂಡ ಹಾಗೆ, ಪದ ಬಂತು.

"ಹಸೆಯಾ ಬರೆದೀವಿ, ಹೊಸಲಾ ತೊಳೆದೀವಿ,
ಹಸುಗೂಸೆ ಬಾರೆ ಹಸೆಮಣೆಗೆ, ಸೋಬಾನೆ."

ಸಾಕಮ್ಮ ಅಳುತ್ತಲೇ ಸೊಲ್ಲು ಹಿಡಿದರು. ಹಿಂದಿನ ಹೆಂಗಸರು ಹಿಡಿದರು. ಅತ್ತೆಯ ದನಿ ಮೊದಲಿನ ಹಾಗಿರಲಿಲ್ಲ, ಅಲ್ಲಲ್ಲಿ ಕುಂಟುತ್ತಿತ್ತು, ಒಂದೆರಡು ಮಾತು ನುಂಗಿಹೋದವು. ಆದರೆ ಯಾರೂ ಎತ್ತಿಕೊಡಲಿಲ್ಲ. ಅವರು ನುಂಗಿದ ಕಡೆ ಎಲ್ಲರೂ ನಿಂತರು, ಅವರು ಹುಡುಕಿಕೊಂಡು ಬರುವವರೆಗೆ ನಿಂತರು. ಮೂರನೆಯ ಸಲ ಕರೆದಾಗ ಬಾಗಿಲು ತೆರೆಯಿತು. ಚೈತ್ರ ಬಂದಳು, ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು. ಹಸೆಯ ಮೇಲೆ ನಿಲ್ಲುವ ಮೊದಲು ಅಜ್ಜಿಯ ಕಿವಿಯ ಹತ್ತಿರ ಬಗ್ಗಿ ಅಂದಳು, ಪಕ್ಕದಲ್ಲಿದ್ದ ನನಗೆ ಕೇಳಿಸಿತು: "ಆನ್ ಆದೆ ಕಣಜ್ಜಿ."

ನಾಗಮಂಗಲದಲ್ಲಿ ಇವತ್ತಿಗೂ ನಮ್ಮ ಹುಡುಗಿಗೆ ಕಂಪ್ಯೂಟ್ರು ಸೊಸೆ ಅಂತಲೇ ಹೆಸರು. ಅಲ್ಲಿನ ಎಷ್ಟೋ ಜನ ಅವಳು ಅದನ್ನೇ ಓದಿದ್ದಾಳೆ ಅಂದುಕೊಂಡು ತಮ್ಮ ಮೊಬೈಲು ಕೆಟ್ಟರೆ ತಂದು ಕೊಡುತ್ತಾರಂತೆ. ಅವಳು ಓದಿದ್ದು ಬಿ.ಕಾಂ. ನನ್ನನ್ನು ಅವತ್ತು ಬೈದ ಆ ಬೀಗರ ಕಡೆಯ ಹೆಂಗಸು ಊಟದ ಹೊತ್ತಿಗೆ ನನ್ನ ಪಕ್ಕದಲ್ಲೇ ಬಂದು ಕೂತು, ನನ್ನ ಎಲೆಗೆ ನಾನು ಕೇಳದೆಯೇ ಎರಡು ಒಬ್ಬಟ್ಟು ಹಾಕಿಸಿದಳು. ಬೇಡ ಅನ್ನಲಿಲ್ಲ. ಎಲ್ಲವನ್ನೂ ಕಾದೇ ಕೊಡಬೇಕು ಅಂತ ನಾನೇನೂ ಹೇಳುತ್ತಿಲ್ಲ.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಅತ್ತೆಗೆ ಎಲ್ಲ ಮಾತೂ ತಿರುಗಿ ಬಂದಿಲ್ಲ. ಕೆಲವು ದಿನ ಚೆನ್ನಾಗಿ ಬರುತ್ತವೆ, ಕೆಲವು ದಿನ ದಾರಿಯಲ್ಲೇ ಕೂತುಬಿಡುತ್ತವೆ. ಡಬ್ಬಿಗೂ ವಯಸ್ಸಾಗಿದೆ, ಈಗ ಒಂದೆರಡು ಸಲ ಕರೆದರೇ ಏಳುವುದು. ಇಬ್ಬರೂ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದಾರೆ.

ಹೇಳುತ್ತಾ ಕೂತೆ, ನೀಲಿ ಬೆಳಕು ಯಾವಾಗಲೋ ಆರಿತ್ತು. ಒರೆಸುವ ಬಟ್ಟೆ ಕೈಯಲ್ಲೇ ಒಣಗಿತ್ತು. ಜಗಲಿಯ ಕಡೆಯಿಂದ ಸದ್ದು ಬಂತು.

"ಅಮ್ಮೀ..."

ಕಾಫಿ. ಈ ಹೊತ್ತಿಗೆ ಇನ್ನೇನು. ಬೆಲ್ಲದ ಕಾಫಿ, ದೊಡ್ಡ ಲೋಟದಲ್ಲಿ. ಕಾಲು ತಾನಾಗಿ ಎದ್ದಿತ್ತು, ಅದನ್ನು ಹಿಡಿದು ಕೂರಿಸಿದೆ. "ಏನತ್ತೆ?" ಅಂದೆ.

ಜಗಲಿಯಲ್ಲಿ ಉಸಿರು ಎಳೆದುಕೊಳ್ಳುವ ಸದ್ದು. ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಬಂತು, ಹೋಯಿತು. ಶೆಡ್ಡಿನಲ್ಲಿ ಮಿಷನ್ನು ನಿಂತಿತು. ನಾನು ಕಾದೆ.

"ಕಾ... ಕಾಪಿ" ಅಂದರು ಅತ್ತೆ. "ಬೆಲ್ಲದ್ದು. ಲೋಟ... ತುಂಬ." ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಏನೋ ಬಾಕಿ ಇದ್ದವರ ಹಾಗೆ, ಒಂದೊಂದೇ ಮಾತನ್ನು ಆರಿಸಿಕೊಂಡು ಸೇರಿಸಿದರು: "ಡಬ್ಬಿ ಮುಂದೆ... ಕುಂತು ಕುಂತು... ನೀನೂ ಡಬ್ಬಿ ಆಗೋದೆ... ಕಣಮ್ಮಿ."

"ಊಂ ಕಣತ್ತೆ" ಅಂದೆ. ಒರೆಸುವ ಬಟ್ಟೆಯನ್ನು ಮೂಲೆಗೆ ಎಸೆದು, ಅರಿಶಿನದ ಕಲೆ ಕಾಣುವ ಹಾಗೆ ಡಬ್ಬಿಯನ್ನು ಈಚೆ ಕಡೆಗೆ ತಿರುಗಿಸಿಟ್ಟು, ಹಾಲು ಕಾಯಿಸಲು ಒಳಗೆ ಹೋದೆ.